ಇಲಿಗಳಿಗೆ ಊರು ಕಟ್ಟಿದ ಮೇಸ್ತ್ರಿ

ಮೇಸ್ತ್ರಿ ಮೂರು ವರ್ಷ ಗೋಡೆ ನೋಡುತ್ತ ಕೂತಿದ್ದ.

ಮನೆಯ ಹಿಂದಿನ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ತೆರೆದರೆ ಪಕ್ಕದ ಕಟ್ಟಡದ ಇಟ್ಟಿಗೆ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಬೆಳಿಗ್ಗೆ ಹತ್ತಕ್ಕೆ ಅದರ ಮೇಲೆ ಒಂದು ಗೇಣು ಬಿಸಿಲು ಬೀಳುತ್ತಿತ್ತು, ಹನ್ನೊಂದಕ್ಕೆ ಜಾರಿ ಹೋಗುತ್ತಿತ್ತು. ಅದು ಬಿಟ್ಟರೆ ಅವನ ದಿನದಲ್ಲಿ ಇನ್ನೇನೂ ನಡೆಯುತ್ತಿರಲಿಲ್ಲ.

ಹಾಗೆ ಕೂರುವ ಜೀವವಲ್ಲ ಅದು. ನಲವತ್ತು ವರ್ಷ ಒಂದೇ ಕಾರ್ಖಾನೆಯಲ್ಲಿ ಮರಗೆಲಸ ಮಾಡಿದವನು. ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ಒಳಗೆ ಬಿರುಕಿದೆ, ಇದು ಬೇಡ" ಅನ್ನುತ್ತಿದ್ದ. ಕೊಯ್ದು ನೋಡಿದರೆ ಬಿರುಕು ಇದ್ದೇ ಇರುತ್ತಿತ್ತು. ಒಂದು ದಿನ ಗರಗಸದ ಯಂತ್ರ ಅವನ ಎಡಗೈಯ ಎರಡು ಬೆರಳು ತೆಗೆದುಕೊಂಡಿತು. ಗಾಯ ಮಾಯುವ ಹೊತ್ತಿಗೆ ಅರವತ್ತೆರಡು ತುಂಬಿತ್ತು. "ಇನ್ನು ಆರಾಮಾಗಿರಿ" ಎಂದು ಎಲ್ಲರೂ ಹೇಳಿದರು. ಆರಾಮಾಗಿರುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ.

ಮೊದಮೊದಲು ಬೇಸರ ಬರುತ್ತಿತ್ತು. ಆಮೇಲೆ ಬೇಸರವೂ ಬರುವುದು ನಿಂತಿತು. ನನ್ನ ಊಟ ಆಯಿತೇ ಎಂದು ಊಟ ಮಾಡಿ ಎದ್ದ ಮೇಲೆ ಕೇಳುತ್ತಿದ್ದ. ತಮ್ಮನ ಮಗಳು ಮನೆಗೆ ಬಂದರೆ ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲುತ್ತಿತ್ತು.

"ಗೋಡೆ ನೋಡಿ ನೋಡಿ ನೀವೇ ಗೋಡೆ ಆಗ್ಬಿಟ್ರಿ," ಅಂದಳು ಹೆಂಡತಿ. "ಒಂದು ಮೊಳೆ ಹೊಡೆದು ಕ್ಯಾಲೆಂಡರ್ ನೇತು ಹಾಕೋದೊಂದು ಬಾಕಿ."

ಅವಳ ಬಾಯಿ ಜೋರು, ಆದರೆ ಒಳಗೆ ಹೆದರಿದ್ದಳು. ಊರಾಚೆಯ ಸಂಶೋಧನಾ ಕೇಂದ್ರದಲ್ಲಿ ಗುಡಿಸಿ ಒರೆಸುವ ಕೆಲಸ ಅವಳದು. ಅಲ್ಲಿ ಮುದಿ ಇಲಿಗಳ ಮಿದುಳನ್ನು ಓದುತ್ತಿದ್ದ ಒಬ್ಬ ಡಾಕ್ಟರಮ್ಮ ಇದ್ದರು. ಒಂದು ದಿನ ಅವರು ಮುರಿದ ಪ್ಲಾಸ್ಟಿಕ್ ಏಣಿಯೊಂದನ್ನು ಕಸದ ಬುಟ್ಟಿಗೆ ಎಸೆಯುತ್ತ, "ಎಲ್ಲಾ ಒಂದೇ ಅಚ್ಚು. ಇಲಿಗಳಿಗೇ ಬೇಜಾರು ಬಂದುಬಿಟ್ಟಿದೆ," ಎಂದು ಗೊಣಗಿದರು. ಹೆಂಡತಿ ನೆಲ ಒರೆಸುವ ಕೋಲನ್ನು ಅಲ್ಲೇ ಗೋಡೆಗೆ ಒರಗಿಸಿದಳು.

"ಮೇಡಂ, ನಮ್ಮನೇಲೊಬ್ರು ಬಡಗಿ ಇದ್ದಾರೆ. ಅವರಿಗೂ ಅದೇ ಕಾಯಿಲೆ."

ಮಾರನೆಯ ಬೆಳಿಗ್ಗೆ ಅವಳು ಮೇಸ್ತ್ರಿಗೆ ತಲೆ ಬಾಚಿ, ಇಸ್ತ್ರಿಯ ಅಂಗಿ ತೊಡಿಸಿ, ಶಾಲೆಗೆ ಕರೆದೊಯ್ಯುವಂತೆ ಕರೆದೊಯ್ದಳು.

ಇಲಿಗಳ ಕೋಣೆಗೆ ಎರಡು ಬಾಗಿಲು. ಮೊದಲನೆಯದು ಮುಚ್ಚಿದ ಮೇಲೆಯೇ ಎರಡನೆಯದು ತೆರೆಯಬೇಕು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕಾಲಿಟ್ಟರೆ ಮಂದವಾದ ಕೆಂಪು ದೀಪ. ಮುಸ್ಸಂಜೆ ಮುಗಿಯುವುದನ್ನೇ ಮರೆತಂತಿತ್ತು. ಇಲಿಗಳಿಗೆ ಕೆಂಪು ಅಷ್ಟಾಗಿ ಕಾಣುವುದಿಲ್ಲವಂತೆ. ನಮ್ಮ ಹಗಲನ್ನೇ ಅವುಗಳ ರಾತ್ರಿ ಮಾಡಿದ್ದಾರೆ, ಎಚ್ಚರವಾಗಿ ಓಡಾಡಲಿ ಎಂದು. ಮೇಸ್ತ್ರಿಗೆ ನೀರಿನೊಳಗೆ ನಿಂತಂತಾಯಿತು. ಎಲ್ಲೆಲ್ಲೂ ಹೊಟ್ಟಿನ ವಾಸನೆ. ಮೂರು ವರ್ಷದಿಂದ ಮೂಗಿಗೆ ಬಿದ್ದಿರದ ಮರದ ಹೊಟ್ಟಿನ ವಾಸನೆ. ಅವನು ಬಾಗಿಲಲ್ಲೇ ನಿಂತು ಎರಡು ಸಲ ಉಸಿರೆಳೆದುಕೊಂಡ.

ಡಾಕ್ಟರಮ್ಮ ತೋರಿಸುತ್ತ ಹೋದರು. "ಇವಕ್ಕೆಲ್ಲ ಎರಡು ವರ್ಷ ಆಗಿದೆ. ಇಲಿ ಲೆಕ್ಕದಲ್ಲಿ ಅಜ್ಜ ಅಜ್ಜಿಯರು. ಈ ಕಡೆ ಹನ್ನೆರಡು, ಒಂದೊಂದಕ್ಕೆ ಒಂದೊಂದು ಪೆಟ್ಟಿಗೆ. ಊಟ, ನೀರು, ಹೊಟ್ಟು. ಅಷ್ಟೇ. ಆ ಕಡೆ ಹನ್ನೆರಡು, ಎಲ್ಲಾ ಒಂದೇ ದೊಡ್ಡ ಪಂಜರದಲ್ಲಿ. ಅವಕ್ಕೆ ಹತ್ತೋಕೆ, ಇಳಿಯೋಕೆ, ಬಚ್ಚಿಟ್ಟುಕೊಳ್ಳೋಕೆ ಏನಾದರೂ ಬೇಕು. ಎಂಟು ದಿನಕ್ಕೊಮ್ಮೆ ಅದು ಬದಲಾಗ್ತಿರಬೇಕು. ಇರೋ ಜಾಗ ಬೇರೆ ಆದ್ರೆ ಮುದಿ ಮಿದುಳಿನ ಕೆಲಸವೂ ಬೇರೆ ಆಗುತ್ತಾ ಅಂತ ನೋಡ್ತಿದ್ದೀವಿ."

"ಹೆಂಗೆ ನೋಡ್ತೀರಿ?"

"ನೋಡೋದಷ್ಟೇ ಅಲ್ಲ, ಕೇಳಿಸ್ಕೊಳ್ತೀವಿ."

ಇಲಿಗಳ ತಲೆಯ ಮೇಲೆ ಗುಂಡಿಯಷ್ಟು ದೊಡ್ಡ ಟೋಪಿ, ಅದರಿಂದ ಕೂದಲಿನಂಥ ತಂತಿ. ಡಾಕ್ಟರಮ್ಮ ಒಂದು ಗುಬುಟು ತಿರುಗಿಸಿದರು. ಪುಟ್ಟ ಸ್ಪೀಕರಿನಿಂದ ಸದ್ದು ಬಂತು. ತಗಡಿನ ಮೇಲೆ ಹನಿ ಬಿದ್ದಂತೆ. ನಿಂತು, ಮತ್ತೆ ಬಿದ್ದು, ಒಮ್ಮೆಲೇ ಸುರಿದಂತೆ. ಪಂಜರದೊಳಗೆ ಇಲಿ ತಿರುವು ತೆಗೆದುಕೊಂಡಾಗಲೆಲ್ಲ ಆ ಮಳೆ ಜೋರಾಗುತ್ತಿತ್ತು. ಮೇಸ್ತ್ರಿ ತನಗರಿವಿಲ್ಲದೆ ಸ್ಪೀಕರಿನ ಹತ್ತಿರಕ್ಕೆ ಕಿವಿ ಒಯ್ದ.

"ಇದು ಅದರ ಯೋಚನೆಯಾ?"

"ಯೋಚನೆ ಅನ್ನೋಕೆ ನನಗೆ ಧೈರ್ಯ ಇಲ್ಲ ಮೇಸ್ತ್ರಿಗಳೇ. ಮಿದುಳು ಕೆಲಸ ಮಾಡೋ ಸದ್ದು ಅನ್ನಿ."

ಇಲಿಗಳಿಗೆ ಊಟ ಹಾಕಿ ಪೆಟ್ಟಿಗೆ ತೊಳೆಯುವವನೊಬ್ಬ ಅಲ್ಲಿದ್ದ. ಎಲ್ಲರೂ ಅವನನ್ನು ಇಲಿಮಾಮ ಅನ್ನುತ್ತಿದ್ದರು. ಅವನು ನಕ್ಕ. "ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ ಯಜಮಾನ್ರೇ, ಇಲ್ಲಿ ಉಲ್ಟಾ. ಇಲಿ ಹಿಡ್ಕೊಂಡು ಬೆಟ್ಟ ಅಗೀತಿದ್ದಾರೆ."

ಮೇಸ್ತ್ರಿಯ ಮೊದಲ ಕೆಲಸ ಪೂರ್ತಿ ಕೆಟ್ಟಿತು. ನಾಲ್ಕು ದಿನ ಕೂತು, ಎಂಟು ಬೆರಳಲ್ಲೇ ಉಳಿ ಹಿಡಿಯಲು ಮತ್ತೆ ಕಲಿತು, ನುಣ್ಣಗೆ ಉಜ್ಜಿ ಅವನು ಮಾಡಿದ ಏಣಿಯನ್ನು ಇಲಿಗಳು ಹತ್ತಲೇ ಇಲ್ಲ. ಕೆಳಗಿನ ಎರಡು ಮೆಟ್ಟಿಲು ಕಡಿದು ಗೂಡಿಗೆ ಹಾಸಿಕೊಂಡವು.

"ಹಲ್ಲುಜ್ಜೋ ಕಡ್ಡಿ ಮಾಡಿಕೊಟ್ಟಿದ್ದೀರಿ," ಅಂದ ಇಲಿಮಾಮ. "ಮುದಿ ಕಾಲು, ಜಾರುತ್ತೆ. ನಿಮ್ಮ ಕಣ್ಣಿಗೆ ಚೆಂದ ಕಂಡ್ರೆ ಸಾಕಾ?"

ಅಂದಿನಿಂದ ಮೇಸ್ತ್ರಿ ಒಂದು ಮುಕ್ಕಾಲಿ ಹಾಕಿಕೊಂಡು ಆ ಕೆಂಪು ಮಬ್ಬಿನಲ್ಲಿ ಸುಮ್ಮನೆ ಕೂತು ನೋಡತೊಡಗಿದ. ಇಲಿ ಮೀಸೆಯಿಂದ ಗೋಡೆ ಸವರುತ್ತ ಹೋಗುತ್ತದೆ. ಬಯಲಿಗೆ ಬರುವ ಮುಂಚೆ ಬಾಗಿಲಲ್ಲಿ ನಿಲ್ಲುತ್ತದೆ. ಬಚ್ಚಿಟ್ಟುಕೊಳ್ಳಲು ಜಾಗವಿದೆ ಎಂದು ಖಾತ್ರಿಯಾದರೆ ಮಾತ್ರ ದೂರ ಹೋಗುವ ಧೈರ್ಯ ಮಾಡುತ್ತದೆ. ಹಾಗಾದರೆ ಮೊದಲು ಕಟ್ಟಬೇಕಾದ್ದು ಏಣಿಯಲ್ಲ, ಮನೆ. ಮನೆಯಿಂದ ಓಣಿ. ಓಣಿಯಿಂದ ಮೇಲೆ ಒಂದು ಜಗಲಿ.

ಮೊಳೆ ಬೇಡ, ಅಂಟು ಬೇಡ, ಬಣ್ಣ ಬೇಡ. ಮರಕ್ಕೆ ಮರ ಸಿಕ್ಕಿಸಿ, ಬೆಣೆ ಬಡಿದು, ಅವನು ಮೂರಂತಸ್ತಿನ ಊರು ಕಟ್ಟಿದ. ಮೆಟ್ಟಿಲಿಗೆ ಉಳಿಯಿಂದ ಗೀರು ಹಾಕಿದ, ಹಿಡಿತ ಸಿಗಲಿ ಎಂದು. ಒಂದು ಸುರಂಗ ಎರಡಾಗಿ ಒಡೆದು ಒಂದು ಬಾಯಿ ನೀರಿನ ಹತ್ತಿರ, ಇನ್ನೊಂದು ಮೇಲಿನ ಮಾಡಿನಲ್ಲಿ ತೆರೆದುಕೊಂಡಿತ್ತು. ಪಂಜರಕ್ಕಿಟ್ಟ ದಿನ ಹನ್ನೆರಡು ಇಲಿಗಳೂ ಕಾಲು ಗಂಟೆ ಮೂಲೆಯಲ್ಲಿ ಗುಂಪುಗಟ್ಟಿದವು. ಆಮೇಲೆ ಒಂದು ಕಿವಿಹರುಕ ಗಂಡು ಬಾಗಿಲಿಗೆ ಮೂಗು ತೂರಿಸಿತು. ಸ್ಪೀಕರಿನಲ್ಲಿ ಮಳೆ ಹಿಡಿಯಿತು.

ಎಂಟು ದಿನಕ್ಕೊಮ್ಮೆ ಊರು ಬದಲಾಗಬೇಕಿತ್ತಲ್ಲ, ಮೇಸ್ತ್ರಿಯ ತಲೆಗೂ ಬಿಡುವಿಲ್ಲದಂತಾಯಿತು. ಮನೆಯ ಹಿಂದಿನ ಕೋಣೆಯಲ್ಲಿ ಉಳಿ, ಕೀಸುಳಿ, ಅರಗಳು ಸಾಲಾಗಿ ಕೂತವು. ಮಧ್ಯಾಹ್ನ ಊಟದ ನಂತರ ಅಲ್ಲೇ ಚಾಪೆಯ ಮೇಲೆ ಅಡ್ಡಾದರೆ, ಅರೆನಿದ್ದೆಯಲ್ಲಿ ಅವನು ತಾನು ಕಟ್ಟಿದ ಓಣಿಗಳಲ್ಲಿ ನಡೆಯುತ್ತಿದ್ದ. ಗೋಡೆಗಳು ಭುಜದೆತ್ತರ, ಮರದ ಎಳೆ ಅಂಗೈಗೆ ತಾಕುತ್ತಿತ್ತು, ಮುಂದೆ ಎಲ್ಲೋ ಬಹಳ ಜನರ ಬೆಚ್ಚಗಿನ ಉಸಿರು. ಒಂದು ತಿರುವಿನಲ್ಲಿ ದಾರಿ ಕವಲೊಡೆಯುತ್ತಿತ್ತು. ಅಲ್ಲಿ ನಿಂತು ಯಾವ ಕಡೆ ಹೋಗಲಿ ಎಂದು ಯೋಚಿಸುವಷ್ಟರಲ್ಲಿ ಎಚ್ಚರ. ಎದ್ದವನೇ ಪೆನ್ಸಿಲ್ ಹುಡುಕಿ ಆ ಕವಲನ್ನು ಹಲಗೆಯ ಮೇಲೆ ಗೀಚಿಕೊಳ್ಳುತ್ತಿದ್ದ.

ಮಾತೂ ಮರಳಿತು. "ಕಿವಿಹರುಕ ಇವತ್ತು ಮಾಡಿನ ಮೇಲೆ ನಿದ್ದೆ ಮಾಡ್ದ ಕಣೇ," ಎಂದು ಅನ್ನ ಕಲಸುತ್ತ ಶುರು ಮಾಡಿದರೆ ಕೈ ಒಣಗಿದರೂ ನಿಲ್ಲಿಸುತ್ತಿರಲಿಲ್ಲ. ತಮ್ಮನ ಮಗಳು ಬಂದಾಗ ಹೆಸರು ಹಿಡಿದೇ ಕೂಗಿದ.

"ಅಯ್ಯೋ, ಆ ಮೌನವೇ ವಾಸಿಯಾಗಿತ್ತು," ಎಂದು ಹೆಂಡತಿ ಪಕ್ಕದ ಮನೆಯವಳಿಗೆ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಂದು ದಿನ ಡಾಕ್ಟರಮ್ಮ ಕೈಸನ್ನೆ ಮಾಡಿ ಕರೆದರು. ಊರೆಲ್ಲ ಸುತ್ತಿ ದಣಿದ ಕಿವಿಹರುಕ ಬಟ್ಟಲಿನಂಥ ಗೂಡಿನಲ್ಲಿ ಮುದುಡಿ ಮಲಗಿತ್ತು. ಸ್ಪೀಕರಿನಲ್ಲಿ ಹನಿಗಳು ಬಿದ್ದವು, ಸ್ವಲ್ಪ ಹೊತ್ತು ನಿಂತವು, ಮತ್ತೆ ಒಟ್ಟಿಗೆ ಸರ್ರನೆ ಬಿದ್ದವು.

"ಮಲಗಿದೆಯಲ್ಲ, ಮತ್ತೆ ಯಾಕೆ ಸದ್ದು?"

"ಬೆಳಿಗ್ಗೆ ಸುರಂಗ, ಮೆಟ್ಟಿಲು, ಮಾಡು ಅಂತ ಹೋಯ್ತಲ್ಲ, ಆಗ ಯಾವ ಸಾಲಿನಲ್ಲಿ ಸದ್ದು ಬಂತೋ ಅದೇ ಸಾಲು ಈಗ ಬೇಗಬೇಗ ಬರ್ತಿದೆ. ನಡೆದ ದಾರಿಯನ್ನ ನಿದ್ದೆಯಲ್ಲಿ ಇನ್ನೊಂದ್ಸಲ ನಡೀತಿದೆ ಅಂತ ನಮ್ಮ ಊಹೆ."

ಮೇಸ್ತ್ರಿ ಒಂಟಿ ಪೆಟ್ಟಿಗೆಗಳ ಕಡೆ ತಿರುಗಿ ನೋಡಿದ. ಆಮೇಲೆ, "ಆ ಕಡೆಯವುಗಳದ್ದು?" ಎಂದು ಕೇಳಿದ.

ಡಾಕ್ಟರಮ್ಮ ತಂತಿ ಬದಲಿಸಿದರು. ಒಂಟಿ ಪೆಟ್ಟಿಗೆಯ ಹದಿನಾಲ್ಕನೇ ನಂಬರಿನ ಹೆಣ್ಣಿಲಿ. ಟಪ್, ಟಪ್, ಟಪ್. ಸರಿಯಾಗಿ ಮುಚ್ಚದ ನಲ್ಲಿಯ ಹಾಗೆ, ಒಂದೇ ಸಮ. ಆ ಸದ್ದು ಮೇಸ್ತ್ರಿಗೆ ಪರಿಚಯದ್ದು ಅನ್ನಿಸಿತು. ಎಲ್ಲಿ ಕೇಳಿದ್ದೆ ಎಂದು ತಿಳಿಯಲಿಲ್ಲ.

"ಅದಕ್ಕೂ ಒಂದು ಚೂರು ಏನಾದ್ರೂ ಕೊಡಬಹುದಲ್ಲ ಮೇಡಂ?"

"ಕೊಟ್ರೆ ಹೋಲಿಸೋದು ಯಾವುದರ ಜೊತೆ?"

ಮಾತು ಸರಿ ಇತ್ತು. ಆದರೂ ಮರುದಿನ ಇಲಿಮಾಮ ನೀರು ತರಲು ಹೋದಾಗ, ಮೇಸ್ತ್ರಿ ಹದಿನಾಲ್ಕರ ಪೆಟ್ಟಿಗೆಯ ಹೊಟ್ಟಿನೊಳಗೆ ಹೆಬ್ಬೆರಳಷ್ಟು ಮರದ ತುಂಡೊಂದನ್ನು ಹುದುಗಿಸಿಟ್ಟ. ಮಧ್ಯೆ ತೂತು ಕೊರೆದದ್ದು, ದೊಡ್ಡ ಪಂಜರದಲ್ಲಿ ಎರಡು ದಿನ ಬಿದ್ದಿದ್ದು, ಬೇರೆ ಇಲಿಗಳ ವಾಸನೆ ಮೆತ್ತಿದ್ದು. ಮೂರು ದಿನಕ್ಕೆ ಅದನ್ನು ತೆಗೆದು ಬೇರೊಂದಿಟ್ಟ. ಪೆಟ್ಟಿಗೆ ತೊಳೆಯುವ ದಿನ ಜೇಬಿಗೆ ಹಾಕಿಕೊಂಡ. ಮುದುಕ ಅರವತ್ತಾರನೇ ವಯಸ್ಸಿನಲ್ಲಿ ಕಳ್ಳನಾದ; ಹೆಂಡತಿಗೂ ಹೇಳಲಿಲ್ಲ. ಹದಿನಾಲ್ಕು ಮೊದಲ ತುಂಡಿನ ಮೇಲೆ ಗದ್ದವೂರಿ ಇಡೀ ದಿನ ಕೂತಿತ್ತು. ಎರಡನೆಯದನ್ನು ಮೂಲೆಯಿಂದ ಮೂಲೆಗೆ ಹೊತ್ತುಕೊಂಡು ತಿರುಗಿತು. ಐದನೆಯ ಹೊತ್ತಿಗೆ ಮೇಸ್ತ್ರಿಯ ಕೈ ಕಂಡರೆ ಎದ್ದು ನಿಲ್ಲುತ್ತಿತ್ತು.

ಹದಿನೈದು ದಿನ ಕಳೆಯಿತು. ಡಾಕ್ಟರಮ್ಮ ಹದಿನಾಲ್ಕರ ಸದ್ದು ಕೇಳುತ್ತ ಹುಬ್ಬು ಗಂಟಿಕ್ಕಿದರು. ಹನಿಗಳ ನಡುವೆ ಈಗ ಏರಿಳಿತವಿತ್ತು. ತಂತಿ ಬದಲಿಸಿದರು, ಯಂತ್ರ ಬದಲಿಸಿದರು, ಮೂರು ದಿನ ಊಟಕ್ಕೂ ಏಳದೆ ಹಳೆಯ ದಾಖಲೆ ತಿರುವಿದರು. "ಎಲ್ಲೋ ತಪ್ಪಾಗಿದೆ. ನಂದೇ ತಪ್ಪು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅದನ್ನು ಕೇಳಿದ ಮೇಲೆ ಮೇಸ್ತ್ರಿಗೆ ತಡೆಯಲಾಗಲಿಲ್ಲ. ಜೇಬಿನಿಂದ ನಾಲ್ಕು ಮರದ ತುಂಡು ತೆಗೆದು ಅವರ ಮೇಜಿನ ಮೇಲಿಟ್ಟ. ಐದನೆಯದು ಪೆಟ್ಟಿಗೆಯಲ್ಲೇ ಇತ್ತು.

"ತಪ್ಪು ನಿಮ್ಮದಲ್ಲಮ್ಮ. ನಂದು."

ಡಾಕ್ಟರಮ್ಮ ಮೊದಲು ಕೂಗಾಡಲಿಲ್ಲ. ತುಂಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಆಮೇಲೆ ಅವನ್ನು ಮೇಜಿನ ತುದಿಗೆ ತಳ್ಳಿದರು.

"ನಾಲ್ಕು ತಿಂಗಳ ಕೆಲಸ ಇದು. ನಿಮಗೆ ಪಾಪ ಅನ್ನಿಸ್ತು, ನನಗೆ ಅನ್ಸಲ್ವಾ? ಕೊನೆಗೆ ಈ ಇಪ್ಪತ್ನಾಲ್ಕು ಇಲೀನೂ ಮಲಗಿಸಿ ಮಿದುಳು ತೆಗೆದು ನೋಡೋಳು ನಾನೇ. ನನ್ನ ಕೈಯ್ಯಾರೆ. ಅದಕ್ಕೊಂದು ಅರ್ಥ ಬರಬೇಕು ಅಂದ್ರೆ ಲೆಕ್ಕ ಸರಿ ಇರಬೇಕು. ಇಲ್ದಿದ್ರೆ ಅವು ಸತ್ತಿದ್ದು ದಂಡ."

ಮೇಸ್ತ್ರಿಗೆ ಅದು ಗೊತ್ತಿರಲಿಲ್ಲ. ಇಲಿಗಳು ಮುದಿಯಾಗಿ ತಾವಾಗಿ ಸಾಯುತ್ತವೆ ಎಂದುಕೊಂಡಿದ್ದ. ಕಿವಿಹರುಕನೂ? ಎರಡು ಬಾಗಿಲು ದಾಟಿ ಬಿಸಿಲಿಗೆ ಬಂದ.

ಆರು ದಿನ ಅವನು ಮನೆಯಿಂದ ಹೊರಡಲಿಲ್ಲ. ಉಳಿ ಮುಟ್ಟಲಿಲ್ಲ. ಹೆಂಡತಿಗೆ ಎಲ್ಲ ಹೇಳಿದ. ಅವಳು ತಲೆ ಚಚ್ಚಿಕೊಂಡಳು. "ನಂಬಿ ಕರೆದುಕೊಂಡು ಹೋದ್ನಲ್ರೀ! ಉಂಡ ಮನೆಗೆ ಎರಡು ಬಗೆದಂಗಾಯ್ತಲ್ಲ!" ಎಂದು ಒಂದು ಸಂಜೆಯೆಲ್ಲ ಬೈದಳು. ಬೈದು ಸುಸ್ತಾದ ಮೇಲೆ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು. "ಆ ಹೆಣ್ಣಿಲಿ ನಿಮ್ಮನ್ನ ಗುರುತು ಹಿಡೀತಿತ್ತಾ?"

"ಹೂಂ. ಎದ್ದು ನಿಲ್ತಿತ್ತು."

"ಹೋಗ್ಲಿ ಬಿಡಿ," ಅಂದಳು. "ಇಲಿ ಕೊಲ್ಲೋಕೆ ಬೋನು ಮಾಡೋರು ಲೋಕದ ತುಂಬ ಇದ್ದಾರೆ. ಅವು ಇರೋವಷ್ಟು ದಿನ ಚೆನ್ನಾಗಿರಲಿ ಅಂತ ಮನೆ ಕಟ್ಟಿದ್ದು ನೀವೊಬ್ರೇ."

ಏಳನೆಯ ದಿನ ಡಾಕ್ಟರಮ್ಮ ತಾವೇ ಬಂದರು. ಹಿಂದಿನ ಕೋಣೆಯ ಚಾಪೆಯ ಮೇಲೆ ಕೂತು, ಹೆಂಡತಿ ಕೊಟ್ಟ ನೀರು ಕುಡಿದು, ನೇರವಾಗಿ ವಿಷಯಕ್ಕೆ ಬಂದರು.

"ಹದಿನಾಲ್ಕನ್ನ ಲೆಕ್ಕದಿಂದ ತೆಗೆದಿದ್ದೀನಿ. ನೀವು ಮಾಡಿದ್ದು ತಪ್ಪೇ, ಅದನ್ನ ಸರಿ ಅನ್ನೋಕೆ ಬಂದಿಲ್ಲ. ಆದರೆ ಒಂದು ಮಾತು ತಲೆ ಕೊರೀತಿದೆ. ಎರಡು ವರ್ಷ ಬರಿ ಗೋಡೆ ನೋಡಿದ ಇಲಿ. ಹದಿನೈದೇ ದಿನ, ಐದೇ ತುಂಡು. ತಡವಾಗಿ ಶುರು ಮಾಡಿದ್ರೂ ಆಗುತ್ತಾ? ಆಗೋದಾದ್ರೆ ಎಷ್ಟು ತಡ? ಒಂದು ಇಲಿಯಿಂದ ಏನೂ ಹೇಳೋಕಾಗಲ್ಲ. ನಲವತ್ತು ಬೇಕು. ನೀವೂ ಬೇಕು."

ಮೇಸ್ತ್ರಿ ತನ್ನ ಎಡಗೈ ನೋಡಿಕೊಂಡ. "ಹದಿನಾಲ್ಕನ್ನ ಏನು ಮಾಡ್ತೀರಿ?"

"ಲೆಕ್ಕದಲ್ಲಿಲ್ಲದ್ದು. ಅದರಷ್ಟಕ್ಕೆ ಇರಲಿ."

"ಉಳಿದವುಗಳ ದಿನ ಬಂದಾಗ ನನ್ನನ್ನೂ ಕರೀಬೇಕು."

"ಅದನ್ನ ನೋಡೋಕೆ ಆಗಲ್ಲ ಮೇಸ್ತ್ರಿಗಳೇ."

"ನೋಡಲ್ಲ. ಊರು ಬಿಚ್ಚೋಕೆ ಬರ್ತೀನಿ. ಕಟ್ಟಿದೋನೇ ಬಿಚ್ಚಬೇಕು."

ಆ ದಿನ ಬಂದಾಗ ಮೇಸ್ತ್ರಿ ಪಂಜರದ ಮುಂದೆ ಕೂತು ಬೆಣೆಗಳನ್ನು ಒಂದೊಂದೇ ಕಳಚಿದ. ಮರದ ತುಂಬ ಸಣ್ಣ ಸಣ್ಣ ಹಲ್ಲಿನ ಗುರುತು. ಸುರಂಗದೊಳಗೆ ಇಲಿಗಳು ಓಡಾಡಿ ಓಡಾಡಿ ಮರ ಮೆರುಗುಗಟ್ಟಿತ್ತು. ಯಾವ ಉಪ್ಪುಕಾಗದದಿಂದಲೂ ಅಂಥ ನುಣುಪು ಬರದು. ಇಲಿಮಾಮ ಅವತ್ತು ಜೋಕು ಹೇಳಲಿಲ್ಲ. ಬಿಚ್ಚಿದ ಹಲಗೆಗಳನ್ನು ಒರೆಸಿ ಒರೆಸಿ ಜೋಡಿಸಿಟ್ಟ. ಪಕ್ಕದ ಕೋಣೆಯ ಬಾಗಿಲು ಸಂಜೆಯವರೆಗೆ ಮುಚ್ಚಿತ್ತು. ಡಾಕ್ಟರಮ್ಮ ಹೊರಬಂದಾಗ ಅವರ ಕಣ್ಣು ಕೆಂಪಾಗಿತ್ತು.

ಹದಿನಾಲ್ಕು ಆಮೇಲೆ ನಾಲ್ಕು ತಿಂಗಳು ಬದುಕಿತು. ಮೇಸ್ತ್ರಿ ಅದಕ್ಕೆ ಎರಡಂತಸ್ತಿನ ಮನೆ ಮಾಡಿಕೊಟ್ಟ. ಹಿಂಗಾಲು ಸೋತ ಮೇಲೆ ಮೆಟ್ಟಿಲು ತೆಗೆದು ಇಳಿಜಾರು ಹಾಕಿದ. ಒಂದು ಮಧ್ಯಾಹ್ನ ಮೇಲಿನ ಜಗಲಿಯಲ್ಲಿ ಮಲಗಿದ್ದು ಏಳಲಿಲ್ಲ. ಸ್ಪೀಕರಿನಿಂದ ಅದರ ತಂತಿ ತೆಗೆದು ಆಗಲೇ ವಾರಗಳಾಗಿದ್ದವು. ಕೊನೆಯ ನಿದ್ದೆಯಲ್ಲಿ ಅದು ಎಲ್ಲೆಲ್ಲಿ ನಡೆಯಿತೋ ಯಾರಿಗೂ ತಿಳಿಯಲಿಲ್ಲ.

ನಲವತ್ತು ಇಲಿಗಳ ಕೆಲಸ ಎರಡು ವರ್ಷ ಹಿಡಿಯಿತು. ಈ ಸಲ ಮೇಸ್ತ್ರಿ ಕದ್ದು ಏನನ್ನೂ ಇಡಲಿಲ್ಲ. ಇಡಬೇಕೆಂದು ಕೈ ತುರಿಸಿದರೆ ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂರುತ್ತಿದ್ದ. ಬರಿ ಪೆಟ್ಟಿಗೆಯಲ್ಲೇ ಮುದಿಯಾದ ಇಪ್ಪತ್ತು ಇಲಿಗಳನ್ನು ಒಂದು ದಿನ ಅವನ ಊರಿಗೆ ಬಿಟ್ಟರು. ಉಳಿದ ಇಪ್ಪತ್ತು ಪೆಟ್ಟಿಗೆಗಳಲ್ಲೇ ಉಳಿದವು. ಊರಿಗೆ ಬಂದವುಗಳಲ್ಲಿ ಹನ್ನೊಂದರ ಸದ್ದು ಬದಲಾಯಿತು. ಎಚ್ಚರದಲ್ಲೂ ಮಳೆ, ನಿದ್ದೆಯಲ್ಲೂ ಮಳೆ. ಉಳಿದ ಒಂಬತ್ತು ಮೂಲೆ ಬಿಟ್ಟು ಬರಲಿಲ್ಲ. "ಅರ್ಧಕ್ಕಿಂತ ಜಾಸ್ತಿ. ಒಳ್ಳೆಯ ಫಲಿತಾಂಶ," ಅಂದರು ಡಾಕ್ಟರಮ್ಮ.

"ಒಂಬತ್ತು?" ಅಂದ ಮೇಸ್ತ್ರಿ.

"ಕೆಲವಕ್ಕೆ ತಡವಾಗಿರುತ್ತೆ."

"ತಡ ಆಗಿರೋದು ಅವಕ್ಕೋ, ನನ್ನ ಬಾಗಿಲು ದೊಡ್ಡದಾಯ್ತೋ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವನನ್ನು ನೋಡಿದರು. ಅಲ್ಲಿಂದ ಮೂರನೆಯ ಕೆಲಸ ಶುರುವಾಯಿತು. ಮೂಲೆ ಬಿಡದ ಇಲಿಗಳಿಗೆ ಎಂಥ ಊರು ಬೇಕು ಎಂಬುದು ಈಗ ಪ್ರಶ್ನೆ. ಅದಕ್ಕೆ ಉತ್ತರ ಪುಸ್ತಕದಲ್ಲಿರಲಿಲ್ಲ. ಉಳಿಯ ತುದಿಯಲ್ಲಿ ಹುಡುಕಬೇಕಿತ್ತು. ಮೂಲೆಯಿಂದ ಕರೆಯುವ ಬದಲು ಮೂಲೆಯನ್ನೇ ಉದ್ದ ಮಾಡಿದರೆ? ಒಂದು ಮೂಲೆ, ಅದಕ್ಕೆ ಅಂಟಿಕೊಂಡು ಇನ್ನೊಂದು ಮೂಲೆ, ಅದರಾಚೆ ಮತ್ತೊಂದು. ಎಲ್ಲೂ ಬಯಲಿಲ್ಲದೆ, ಆದರೂ ಸಾಗುತ್ತ ಹೋಗುವ ದಾರಿ. ಎಪ್ಪತ್ತರ ಹತ್ತಿರದ ಮೇಸ್ತ್ರಿ ಅದನ್ನು ಏಳು ಸಲ ಕಟ್ಟಿ ಏಳು ಸಲ ಬಿಚ್ಚಿದ.

ಎಂಟನೆಯದನ್ನು ಪಂಜರಕ್ಕಿಟ್ಟ ಮಧ್ಯಾಹ್ನ ಹೆಂಡತಿ ಕೆಲಸ ಮುಗಿಸಿ, ಕೈ ತೊಳೆದು, ಕೆಂಪು ಕೋಣೆಗೆ ಬಂದಳು. ಇಲಿಮಾಮ ತನ್ನ ಮುಕ್ಕಾಲಿ ಬಿಟ್ಟುಕೊಟ್ಟ. ಒಳಗೆ ಒಂದು ಮುದಿ ಇಲಿ ಬೆನ್ನು ತಿರುಗಿಸಿ ಕೂತಿತ್ತು.

"ಎಷ್ಟು ಹೊತ್ತಾಯ್ತು?" ಅವಳು ಪಿಸುಗುಟ್ಟಿದಳು.

"ಬೆಳಿಗ್ಗೆಯಿಂದ."

"ನಿಮ್ಮ ಕುಲದ್ದೇ ಇರಬೇಕು."

"ಸುಮ್ನಿರೇ."

ಎಷ್ಟೋ ಹೊತ್ತು ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಮಂದ ಬೆಳಕಿನಲ್ಲಿ ಹೊತ್ತು ಹೋಗುವುದು ತಿಳಿಯುತ್ತಿರಲಿಲ್ಲ. ಇಲಿಯ ಮೀಸೆ ಅಲುಗಿತು. ಮೂಗಿನಿಂದ ಪಕ್ಕದ ಹಲಗೆ ಸವರಿತು, ಹಲಗೆಯ ಅಂಚು ಸಿಕ್ಕಿತು, ಅಂಚಿನಾಚೆಯ ಕತ್ತಲೆ ಸಿಕ್ಕಿತು. ಮೊದಲು ತಲೆ ಹೋಯಿತು, ಆಮೇಲೆ ಬೆನ್ನು. ಬಾಲ ಬಹಳ ಹೊತ್ತು ಹೊರಗೇ ಇತ್ತು. ಕೊನೆಗೆ ಅದೂ ಒಳಗೆ ಸರಿಯಿತು.

"ಎಲ್ಲಿಗೆ ಹೋಯ್ತು?" ಅಂದಳು ಹೆಂಡತಿ.

"ಪಕ್ಕದ ಮೂಲೆಗೆ," ಅಂದ ಮೇಸ್ತ್ರಿ.